ಹಿಮ ಕರಗಿದ ಮೇಲೆ ಅಂಗಳದಲ್ಲಿ ಏನು ಸತ್ತಿದೆ, ಏನು ಬದುಕಿದೆ: ಚಳಿ ನಾಡಿನ ತೋಟಕ್ಕೊಂದು ದೋಷ ನಿವಾರಣೆ ಕೈಪಿಡಿ

ಮಿನ್ನೆಸೋಟದ ಮಿನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಬಹಳ ಜನರಿಗೆ ಏಪ್ರಿಲ್ ಬಂತೆಂದರೆ ಒಂದು ಗಾಬರಿ. ಊರಿನಿಂದ ಯುಗಾದಿಯ ಫೋಟೋ ಬರುವ ಹೊತ್ತಿಗೆ ಇಲ್ಲಿ ಹಿಮ ಕರಗುತ್ತದೆ. ಅದರಡಿಯಿಂದ ಕಂದು ಹುಲ್ಲು, ಬೂಷ್ಟು, ಅರ್ಧ ಒಣಗಿದ ಬೇಲಿಗಿಡ, ತೊಗಟೆ ಕಳೆದುಕೊಂಡ ಸೇಬಿನ ಮರ ಹೊರಗೆ ಬರುತ್ತವೆ. ಎಲ್ಲ ಸತ್ತೇ ಹೋಯಿತು ಅನ್ನಿಸುತ್ತದೆ. ಅದೇ ಶನಿವಾರ ಅಂಗಡಿಗೆ ಹೋಗಿ ಗೊಬ್ಬರ, ಕಳೆನಾಶಕ, ಹುಲ್ಲಿನ ಬೀಜ ಎಲ್ಲ ತಂದು ಒಟ್ಟಿಗೇ ಚೆಲ್ಲುವವರಿದ್ದಾರೆ. ದುಡ್ಡೂ ಹೋಗುತ್ತದೆ, ಹುಲ್ಲೂ ಬರುವುದಿಲ್ಲ.

ನಿಜ ಏನೆಂದರೆ, ಕಂದಾಗಿ ಕಾಣುವ ಹೆಚ್ಚಿನ ಗಿಡಗಳು ಸತ್ತಿರುವುದಿಲ್ಲ, ತಡವಾಗಿ ಏಳುತ್ತವೆ ಅಷ್ಟೆ. ಕೆಲವು ನಿಜವಾಗಿ ಸತ್ತಿರುತ್ತವೆ. ಯಾವುದು ಯಾವುದು ಎಂದು ತಿಳಿಯಲು ಮೊದಲು ಹಾನಿಯ ಆಕಾರ ನೋಡಿ. ದುಂಡಗಿದೆಯಾ, ಸೊಟ್ಟ ಗೆರೆಯಾಗಿದೆಯಾ, ರಸ್ತೆ ಪಕ್ಕ ಪಟ್ಟಿಯಾಗಿದೆಯಾ? ಗಿಡದ ಒಂದೇ ಮಗ್ಗುಲಲ್ಲಿದೆಯಾ, ಒಂದು ಎತ್ತರದವರೆಗೆ ಮಾತ್ರ ಇದೆಯಾ? ಆಕಾರ ಗೊತ್ತಾದರೆ ಕಾರಣ ಮುಕ್ಕಾಲು ಪಾಲು ಗೊತ್ತಾದಂತೆ. ಔಷಧಿ, ಗೊಬ್ಬರ, ಗುದ್ದಲಿ ಎಲ್ಲ ಆಮೇಲೆ.

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊಸದಾಗಿ ಹೊರತಂದ ಚಳಿ ವಲಯಗಳ ನಕ್ಷೆಯಲ್ಲಿ ಈ ಅವಳಿ ನಗರದ ಸುತ್ತಮುತ್ತ 4ಬಿ ಮತ್ತು 5ಎ ವಲಯಗಳು ಬರುತ್ತವೆ. ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 15ರಿಂದ ಮೈನಸ್ 25 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇಳಿಯುತ್ತದೆ ಎಂದರ್ಥ. ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 26ರಿಂದ ಮೈನಸ್ 32. ಮುಂದೆ ಹೇಳುವ ತಾರೀಖುಗಳೆಲ್ಲ ಈ ಲೆಕ್ಕದವು. ಇನ್ನೂ ಉತ್ತರಕ್ಕೆ, ಡುಲೂತ್ ಕಡೆಗೋ ಕೆನಡಾದ ವಿನಿಪೆಗ್ ಕಡೆಗೋ ಇರುವವರು ಒಂದೆರಡು ವಾರ ಮುಂದಕ್ಕೆ ಹಾಕಿಕೊಳ್ಳಿ.

ಮೊದಲು ನೆಲ ಕೆಲಸಕ್ಕೆ ಸಿದ್ಧವಾಗಿದೆಯೇ ನೋಡಿ

ಹಿಮ ಹೋಗಿದೆ ಎಂದರೆ ನೆಲ ಒಣಗಿದೆ ಎಂದಲ್ಲ. ಮೇಲಿನ ಮೂರ್ನಾಲ್ಕು ಇಂಚು ಕರಗಿ ಕೆಸರಾಗಿರುತ್ತದೆ, ಅದರ ಕೆಳಗೆ ಇನ್ನೂ ಹೆಪ್ಪುಗಟ್ಟಿದ ಪದರ ಇರುತ್ತದೆ. ನೀರು ಕೆಳಗೆ ಇಳಿಯಲು ದಾರಿಯಿಲ್ಲ. ಆಗ ಲಾನ್ ಮೇಲೆ ಓಡಾಡಿದರೆ ಮಣ್ಣು ಒತ್ತಿಕೊಂಡು ಬೇರಿಗೆ ಗಾಳಿ ಸಿಗುವುದಿಲ್ಲ. ತರಕಾರಿ ಪಾತಿ ಅಗೆದರೆ ಹೆಂಟೆ ಏಳುತ್ತದೆ, ಆ ಹೆಂಟೆ ಒಣಗಿ ಗಟ್ಟಿಯಾಗಿ ಇಡೀ ಬೇಸಿಗೆ ಕಾಡುತ್ತದೆ.

ಪರೀಕ್ಷೆ ಸುಲಭ. ನಾಲ್ಕು ಇಂಚು ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ. ಹೆಬ್ಬೆರಳಿನಿಂದ ತಳ್ಳಿದಾಗ ಪುಡಿಯಾದರೆ ಅಗೆಯಬಹುದು. ಬೆರಳಿನ ಗುರುತು ಬಿದ್ದು ಉಂಡೆ ಹಾಗೇ ಉಳಿದರೆ ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಲಾನ್‌ಗೆ ಅಷ್ಟೂ ಬೇಡ. ನಡೆದಾಗ ಹೆಜ್ಜೆ ಗುರುತು ಉಳಿದರೆ ಇನ್ನೂ ಹೊತ್ತಾಗಿಲ್ಲ.

ಏಪ್ರಿಲ್‌ನ ಬಿಸಿಲು ನಂಬುವಂಥದ್ದೂ ಅಲ್ಲ. 2018ರಲ್ಲಿ ಇದೇ ಅವಳಿ ನಗರದಲ್ಲಿ ಏಪ್ರಿಲ್ ಮಧ್ಯದ ಒಂದೇ ವಾರಾಂತ್ಯಕ್ಕೆ ಒಂದು ಅಡಿಗೂ ಜಾಸ್ತಿ ಹಿಮ ಬಿದ್ದಿತ್ತು.

ಹುಲ್ಲಿನಲ್ಲಿ ದುಂಡಗಿನ, ಒತ್ತಿಕೊಂಡ ಮಚ್ಚೆ

ಅಂಗೈ ಅಗಲದಿಂದ ಹಿಡಿದು ಒಂದೆರಡು ಅಡಿಯವರೆಗೆ ದುಂಡಗಿನ ಮಚ್ಚೆ. ಹುಲ್ಲು ನೆಲಕ್ಕೆ ಅಂಟಿಕೊಂಡು, ಬಣ್ಣಗೆಟ್ಟು, ಮೇಲೆ ತೆಳುವಾದ ಬೂದು ನೂಲು ಹಬ್ಬಿದೆ. ಹಿಮದಡಿಯ ಬೂಷ್ಟು ಇದು. ನೆಲ ಪೂರ್ತಿ ಹೆಪ್ಪುಗಟ್ಟುವ ಮುಂಚೆಯೇ ದಪ್ಪ ಹಿಮ ಬಿದ್ದು ತಿಂಗಳುಗಟ್ಟಲೆ ಕೂತರೆ ಅದರಡಿಯಲ್ಲಿ ಬೆಳೆಯುತ್ತದೆ. ಡ್ರೈವ್‌ವೇ ಪಕ್ಕ ಹಿಮ ಗುಡ್ಡೆ ಹಾಕಿದ ಜಾಗ, ಎಲೆ ಗುಡಿಸದೆ ಬಿಟ್ಟ ಜಾಗ, ಚಳಿಗಾಲಕ್ಕೆ ಮುಂಚೆ ಉದ್ದ ಬೆಳೆದಿದ್ದ ಹುಲ್ಲು, ಇಲ್ಲೆಲ್ಲ ಜಾಸ್ತಿ.

ಇದರಲ್ಲಿ ಎರಡು ಬಗೆ ಇವೆ, ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಹುಲ್ಲಿನ ಎಸಳ ಮೇಲೆ ಸಾಸಿವೆಗಿಂತ ಚಿಕ್ಕದಾದ ಕಂದು ಅಥವಾ ಕಪ್ಪು ಕಾಳು ಅಂಟಿಕೊಂಡಿದ್ದರೆ ಅದು ಬೂದು ಬೂಷ್ಟು. ಎಸಳು ಹಾಳಾಗಿರುತ್ತದೆ, ಬುಡ ಸಾಮಾನ್ಯವಾಗಿ ಉಳಿದಿರುತ್ತದೆ. ಕಾಳಿಲ್ಲದೆ ಅಂಚಿನಲ್ಲಿ ತಿಳಿ ಗುಲಾಬಿ ಬಣ್ಣ ಕಂಡರೆ ಗುಲಾಬಿ ಬೂಷ್ಟು. ಇದು ಬುಡವನ್ನೂ ಕೊಲ್ಲಬಹುದು, ಹಿಮವಿಲ್ಲದೆ ಬರೀ ತಣ್ಣನೆ ಮಳೆಗೂ ಬರಬಹುದು.

ಬುಡ ಬದುಕಿದೆಯೇ ಎಂದು ನೋಡಲು ಒಂದು ಚಿಟಿಕೆ ಹುಲ್ಲನ್ನು ಬೇರು ಸಮೇತ ಕಿತ್ತು, ಮಣ್ಣಿಗೆ ತಾಗುವ ಭಾಗವನ್ನು ಉಗುರಿನಿಂದ ಸೀಳಿ. ಬಿಳಿಯಾಗಿ ಗಟ್ಟಿಯಾಗಿದ್ದರೆ ಬದುಕಿದೆ. ಕಂದಾಗಿ ಮೆತ್ತಗೆ ಜಾರಿದರೆ ಹೋಗಿದೆ. ಈ ಕೈಪಿಡಿಯಲ್ಲಿ ನೀವು ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಲಾನ್‌ನ ಯಾವ ಮಚ್ಚೆಗೂ ಇದು ನಡೆಯುತ್ತದೆ.

ಪರಿಹಾರ ಕಡಿಮೆ ಕೆಲಸದ್ದು. ನೆಲ ಒಣಗಿದ ಮೇಲೆ ಎಲೆ ಗುಡಿಸುವ ರೇಕ್‌ನಿಂದ ಮೃದುವಾಗಿ ಕೆದಕಿ ಹುಲ್ಲನ್ನು ಎಬ್ಬಿಸಿ. ಗಾಳಿ ಬೆಳಕು ಆಡಿದರೆ ಬೂಷ್ಟು ತಾನೇ ನಿಲ್ಲುತ್ತದೆ. ಅಲರ್ಜಿ ಇರುವವರು ಮಾಸ್ಕ್ ಹಾಕಿಕೊಳ್ಳಿ. ವಸಂತದಲ್ಲಿ ಶಿಲೀಂಧ್ರನಾಶಕ ಸಿಂಪಡಿಸುವುದು ದಂಡ, ಏಕೆಂದರೆ ಆ ಹೊತ್ತಿಗೆ ರೋಗದ ಕೆಲಸ ಮುಗಿದಿರುತ್ತದೆ. ತಡೆಯುವ ಕಾಲ ಅಕ್ಟೋಬರ್. ಕೊನೆಯ ಸಲ ಹುಲ್ಲನ್ನು ಎರಡೂವರೆ, ಮೂರು ಇಂಚಿಗೆ ಕತ್ತರಿಸಿ, ಎಲೆ ತೆಗೆಯಿರಿ, ತಡವಾಗಿ ಸಾರಜನಕದ ಗೊಬ್ಬರ ಹಾಕಬೇಡಿ.

ಸೊಟ್ಟಸೊಟ್ಟ ಕಾಲುದಾರಿಗಳು

ಲಾನ್ ಮೇಲೆ ಒಂದೆರಡು ಇಂಚು ಅಗಲದ ಅಂಕುಡೊಂಕು ದಾರಿ, ಅದರುದ್ದಕ್ಕೂ ಹುಲ್ಲು ಬುಡದವರೆಗೆ ಕಡಿದುಹೋಗಿದೆ, ಅಲ್ಲಲ್ಲಿ ಒಣಹುಲ್ಲಿನ ಚೂರಿನ ಗುಪ್ಪೆ. ವೋಲ್ ಎಂಬ ಮೋಟು ಬಾಲದ ಇಲಿಯ ಕೆಲಸ ಇದು. ಹಿಮದಡಿಯಲ್ಲಿ ಗೂಬೆ, ನರಿ, ಬೆಕ್ಕಿನ ಭಯವಿಲ್ಲದೆ ಇಡೀ ಚಳಿಗಾಲ ತಿರುಗಾಡಿರುತ್ತದೆ. 2022-23ರ ಚಳಿಗಾಲದಲ್ಲಿ ಅವಳಿ ನಗರದಲ್ಲಿ ಒಟ್ಟು 90 ಇಂಚು ಹಿಮ ಬಿತ್ತು, ದಾಖಲೆಯಲ್ಲಿ ಮೂರನೆಯ ಅತಿ ಹೆಚ್ಚು. ಅಂಥ ವರ್ಷಗಳಲ್ಲಿ ಈ ದಾರಿಗಳು ಮನೆಮನೆಯ ಅಂಗಳದಲ್ಲೂ ಕಾಣುತ್ತವೆ.

ನೋಡಲು ಭಯಂಕರ, ಆದರೆ ಲಾನ್‌ಗೆ ಇದು ಸಣ್ಣ ವಿಷಯ. ಕಡಿದ ಚೂರನ್ನು ಗುಡಿಸಿ ತೆಗೆದು, ತಗ್ಗಾದಲ್ಲಿ ಸ್ವಲ್ಪ ಮಣ್ಣು ಹಾಕಿ. ಬೇರಿನಿಂದಲೇ ಹಬ್ಬುವ ಕೆಂಟಕಿ ಬ್ಲೂಗ್ರಾಸ್ ಇದ್ದರೆ ಜೂನ್ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಮಣ್ಣು ಮೇಲೆದ್ದು ದಿಬ್ಬಗಳಾಗಿದ್ದರೆ ಅದು ವೋಲ್ ಅಲ್ಲ, ಮೋಲ್. ಅದು ಹುಲ್ಲು ತಿನ್ನುವುದಿಲ್ಲ, ಎರೆಹುಳು ತಿನ್ನುತ್ತದೆ. ವೋಲ್‌ನಿಂದ ನಿಜವಾದ ಅಪಾಯ ಇರುವುದು ಮರದ ಬುಡಕ್ಕೆ. ಅದನ್ನು ಮುಂದೆ ಹೇಳುತ್ತೇನೆ.

ರಸ್ತೆ, ಡ್ರೈವ್‌ವೇ ಅಂಚಿನಲ್ಲಿ ಉದ್ದ ಪಟ್ಟಿ

ಅಂಚಿನಿಂದ ಒಂದೆರಡು ಅಡಿಯವರೆಗೆ ನೇರವಾಗಿ ಸತ್ತಿದ್ದರೆ ಉಪ್ಪು. ಮಂಜುಗಡ್ಡೆ ಕರಗಿಸಲು ಚೆಲ್ಲಿದ ಉಪ್ಪೆಲ್ಲ ಹಿಮದ ಜೊತೆ ಇಲ್ಲಿ ಬಂದು ಸೇರಿರುತ್ತದೆ. ನೆಲ ಕರಗಿದ ಕೂಡಲೇ ಹೋಸ್ ಹಿಡಿದು ನಿಧಾನವಾಗಿ, ಆಳಕ್ಕೆ ಇಳಿಯುವಂತೆ, ಕೆಲವು ದಿನ ಬಿಟ್ಟು ಬಿಟ್ಟು ನೀರುಣಿಸಿ. ಉಪ್ಪು ಬೇರಿನ ಮಟ್ಟದಿಂದ ಕೆಳಗೆ ಇಳಿಯಬೇಕು. ಹಾಗೆ ತೊಳೆಯದೆ ಬೀಜ ಹಾಕಿದರೆ ಮೊಳಕೆಯೇ ಬರುವುದಿಲ್ಲ. ಮತ್ತೆ ಬಿತ್ತುವಾಗ ಬರೀ ಬ್ಲೂಗ್ರಾಸ್ ಬೇಡ, ಉಪ್ಪು ತಾಳುವ ಫೆಸ್ಕ್ಯೂ ಬೆರೆತ ಬೀಜ ಕೇಳಿ. ಹಿಮ ತಳ್ಳುವ ಗಾಡಿ ಹುಲ್ಲಿನ ಹಪ್ಪಳೆಯನ್ನೇ ಎಬ್ಬಿಸಿ ಮಗುಚಿದ್ದರೆ ಅದನ್ನು ಒಣಗುವ ಮುಂಚೆ ಜಾಗಕ್ಕೆ ಕೂರಿಸಿ, ಒತ್ತಿ, ನೀರು ಹಾಕಿ. ಬಹಳ ಸಲ ಹಿಡಿದುಕೊಳ್ಳುತ್ತದೆ.

ಪಟ್ಟಿಯಲ್ಲದೆ ಅಲ್ಲಲ್ಲಿ ತಟ್ಟೆಯಷ್ಟಗಲದ ಮಚ್ಚೆ, ಸುತ್ತ ಕಡು ಹಸಿರು ಉಂಗುರ ಇದ್ದರೆ ಅದು ನಾಯಿಯ ಮೂತ್ರ. ಅದಕ್ಕೂ ನೀರೇ ಮದ್ದು.

ಹುಲ್ಲು ಎಳೆದರೆ ಚಾಪೆಯ ಹಾಗೆ ಸುತ್ತಿಕೊಂಡು ಬರುತ್ತಿದೆ

ಬೇರು ಇಲ್ಲವೇ ಇಲ್ಲ. ಗೊಣ್ಣೆ ಹುಳು ತಿಂದಿದೆ. ರಾತ್ರಿ ರಕೂನ್ ಅಥವಾ ಸ್ಕಂಕ್ ಬಂದು ಹುಲ್ಲು ಕೆದರಿ ಹಾಕಿದ್ದರೂ ಇದೇ ಗುಮಾನಿ ಇಟ್ಟುಕೊಳ್ಳಿ. ಸಲಿಕೆಯಿಂದ ಒಂದು ಚದರ ಅಡಿಯಷ್ಟು ಜಾಗವನ್ನು ಮೂರು ಕಡೆ ಕತ್ತರಿಸಿ, ಮಗುಚಿ, ಮೂರು ಇಂಚು ಮಣ್ಣು ಕೆದಕಿ ಎಣಿಸಿ. ಕಂದು ತಲೆಯ, ಬಿಲ್ಲಿನಂತೆ ಬಾಗಿದ ಬಿಳಿ ಹುಳು ಎರಡು ಮೂರು ಸಿಕ್ಕರೆ ಚಿಂತೆ ಬೇಡ, ಆರೋಗ್ಯವಾಗಿರುವ ಹುಲ್ಲು ತಡೆದುಕೊಳ್ಳುತ್ತದೆ. ಹತ್ತಕ್ಕಿಂತ ಜಾಸ್ತಿ ಇದ್ದರೆ ಕ್ರಮ ಬೇಕು. ಆದರೆ ಈಗಲ್ಲ. ವಸಂತದ ಹುಳು ಬಲಿತಿರುತ್ತದೆ, ಔಷಧಿಗೆ ಬಗ್ಗುವುದಿಲ್ಲ, ಇನ್ನೇನು ಕೋಶವಾಗಿ ಜಪಾನೀ ಜೀರುಂಡೆಯಾಗಿ ಹಾರಿಹೋಗುತ್ತದೆ. ಹೊಸ ಮೊಟ್ಟೆ ಒಡೆಯುವ ಜುಲೈ ಹೊತ್ತಿಗೆ ಔಷಧಿ ನೆಲದಲ್ಲಿರಬೇಕು.

ಗೊಬ್ಬರ ಯಾವಾಗ, ಬೀಜ ಯಾವಾಗ

ಅತಿ ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. ಕಾರಣ ಇಷ್ಟೆ: ಅಂಗಡಿಯವರು ಚೀಲಗಳನ್ನು ಮಾರ್ಚ್‌ನಲ್ಲೇ ಬಾಗಿಲ ಮುಂದೆ ಜೋಡಿಸುತ್ತಾರೆ, ನೆಲ ಮಾತ್ರ ಮೇ ತಿಂಗಳಿಗೆ ಕಾಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಸಾರಜನಕ ಹಾಕಿದರೆ ಹುಲ್ಲು ಬೇರು ಬೆಳೆಸುವುದನ್ನು ಬಿಟ್ಟು ಎಸಳು ಬೆಳೆಸುತ್ತದೆ. ಜುಲೈ ಬಿಸಿಲಿಗೆ ಬೇರು ಸಾಲದೆ ಸೊರಗುತ್ತದೆ. ಮೇ ಕೊನೆಯವರೆಗೆ ತಡೆಯಿರಿ. ಮುಖ್ಯ ಗೊಬ್ಬರವನ್ನು ಸೆಪ್ಟೆಂಬರ್‌ಗೇ ಇಟ್ಟುಕೊಳ್ಳಿ.

ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು ರಂಜಕ. ಮಿನ್ನೆಸೋಟದಲ್ಲಿ ಅದು ಸೊನ್ನೆಯಾಗಿರುವುದನ್ನು ನೋಡಿರಬಹುದು. ಕೆರೆಗಳಲ್ಲಿ ಪಾಚಿ ಬೆಳೆಯದಿರಲಿ ಎಂದು ಲಾನ್‌ಗೆ ರಂಜಕದ ಗೊಬ್ಬರ ಹಾಕುವುದಕ್ಕೆ 2005ರಿಂದ ರಾಜ್ಯವಿಡೀ ಕಾನೂನಿನ ನಿರ್ಬಂಧವಿದೆ. ಹೊಸದಾಗಿ ಹುಲ್ಲು ಹಾಕುವವರಿಗೆ, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಿನಾಯಿತಿ. ಮಣ್ಣು ಪರೀಕ್ಷೆಯನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾಡಿಕೊಡುತ್ತದೆ. ಗೊಬ್ಬರಕ್ಕೆ ದುಡ್ಡು ಸುರಿಯುವ ಮುಂಚೆ ಅದನ್ನು ಒಮ್ಮೆ ಮಾಡಿಸುವುದು ಜಾಣತನ.

ಕ್ರ್ಯಾಬ್‌ಗ್ರಾಸ್ ಕಳೆಯ ಬೀಜ ಮೊಳೆಯುವುದು ಮಣ್ಣು ಸುಮಾರು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್ ಆಸುಪಾಸು ಕೆಲವು ದಿನ ನಿಂತಾಗ. ಇಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆ, ಮೇ ಮೊದಲ ಭಾಗ. ಅದಕ್ಕೆ ಸ್ವಲ್ಪ ಮುಂಚೆ ತಡೆ ಔಷಧಿ ಹಾಕಬೇಕು. ಆದರೆ ಆ ಔಷಧಿಗೆ ಕಳೆ ಯಾವುದು, ನಿಮ್ಮ ಬೀಜ ಯಾವುದು ಅಂತ ಗೊತ್ತಾಗುವುದಿಲ್ಲ. ಒಂದೇ ಜಾಗಕ್ಕೆ ಎರಡನ್ನೂ ಹಾಕಿ, "ಬೀಜ ಕೆಟ್ಟದ್ದು" ಎಂದು ಅಂಗಡಿಯವರ ಜೊತೆ ಜಗಳವಾಡುವವರು ಪ್ರತಿ ವರ್ಷ ಇರುತ್ತಾರೆ. ತೇಪೆ ಹಾಕುವ ಕಡೆ ಬೀಜ, ಉಳಿದ ಕಡೆ ತಡೆ ಔಷಧಿ. ಇಡೀ ಲಾನ್ ಹೊಸದಾಗಿ ಬಿತ್ತುವುದಿದ್ದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಕಾಲಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಬೀಜ ಹಾಕಿ ಹತ್ತು ದಿನಕ್ಕೆ ಏನೂ ಕಾಣಲಿಲ್ಲ ಎಂದು ಬೇಸರವೂ ಬೇಡ. ರೈಗ್ರಾಸ್ ವಾರ ಹತ್ತು ದಿನಕ್ಕೆ ಮೊಳೆಯುತ್ತದೆ. ಬ್ಲೂಗ್ರಾಸ್‌ಗೆ ಮೂರು ವಾರ ದಾಟಬಹುದು, ಮಣ್ಣು ತಣ್ಣಗಿದ್ದರೆ ಇನ್ನೂ ಜಾಸ್ತಿ. ಅಷ್ಟು ದಿನ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳುವುದೇ ಕೆಲಸ.

ಹಸಿರಾಗಿರಬೇಕಾದ ಬೇಲಿಗಿಡ ಕಂದಾಗಿದೆ

ಮನೆಗಳ ನಡುವೆ ಮರೆಗೆಂದು ನೆಡುವ ಆರ್ಬರ್‌ವೈಟಿ, ಬಾಗಿಲ ಪಕ್ಕದ ಯೂ, ಕುಳ್ಳ ಸ್ಪ್ರೂಸ್, ಇವು ಮಾರ್ಚ್ ಕೊನೆಗೆ ಒಂದು ಮಗ್ಗುಲು ಕೆಂಪುಗಂದಾಗಿ ನಿಂತಿರುತ್ತವೆ. ಕಂದಾಗಿರುವುದು ದಕ್ಷಿಣ ಅಥವಾ ನೈಋತ್ಯ ದಿಕ್ಕಿನ ಮಗ್ಗುಲೇ? ಹಿಮ ಮುಚ್ಚಿದ್ದ ಕೆಳಭಾಗ ಹಚ್ಚಗೆ ಉಳಿದು, ಅದರ ಮೇಲೆ ಗೆರೆ ಎಳೆದಂತೆ ಕಂದು ಶುರುವಾಗಿದೆಯೇ? ಹಾಗಿದ್ದರೆ ರೋಗ ಅಲ್ಲ, ಚಳಿಗಾಲದ ಸುಡು. ಫೆಬ್ರವರಿ, ಮಾರ್ಚ್ ಬಿಸಿಲಿಗೆ, ಗಾಳಿಗೆ ಎಲೆ ನೀರು ಬಿಡುತ್ತಲೇ ಇರುತ್ತದೆ. ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಗಿಡ ಒಣಗುವುದು ಬಾಯಾರಿಕೆಯಿಂದ.

ಹಾಗಾದರೆ ಕತ್ತರಿ ಹಿಡಿಯಬಾರದೇ? ಈಗ ಬೇಡ. ಎಲೆ ಸತ್ತರೂ ಮೊಗ್ಗು ಬದುಕಿರಬಹುದು. ಕಂದು ರೆಂಬೆಯ ತುದಿಯಿಂದ ಒಳಕ್ಕೆ ಬರುತ್ತ ಅಲ್ಲಲ್ಲಿ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿ ಹಸಿರು ಕಂಡಲ್ಲಿ ಜೀವ ಇದೆ. ಜೂನ್ ಮೊದಲ ವಾರದ ಹೊತ್ತಿಗೆ ಚಿಗುರು ಎಲ್ಲಿಯವರೆಗೆ ಬಂದಿದೆ ನೋಡಿ, ಅದರಾಚೆಯದನ್ನು ಮಾತ್ರ ಕತ್ತರಿಸಿ. ಯೂ ಗಿಡಕ್ಕೆ ಬೋಳು ಕೊಂಬೆಯಿಂದಲೂ ಚಿಗುರುವ ಶಕ್ತಿ ಇದೆ. ಆರ್ಬರ್‌ವೈಟಿಗೆ ಇಲ್ಲ. ಹಸಿರು ಇಲ್ಲದ ಹಳೇ ಕೊಂಬೆಯವರೆಗೆ ಕತ್ತರಿಸಿದರೆ ಆ ತೂತು ಹಾಗೇ ಉಳಿಯುತ್ತದೆ.

ಗೊಂದಲ ಮಾಡುವ ಇನ್ನೆರಡು ಇವೆ. ಕಂದಾಗಿರುವುದು ರಸ್ತೆ ಕಡೆಯ ಮಗ್ಗುಲು ಮಾತ್ರ ಎಂದರೆ ವಾಹನಗಳು ಎರಚಿದ ಉಪ್ಪು ನೀರು. ಬಿಳಿ ಪೈನ್ ಮರಕ್ಕೆ ಇದು ಬಹಳ ಬೇಗ ತಾಗುತ್ತದೆ. ನೆಲದಿಂದ ಐದಾರು ಅಡಿ ಎತ್ತರದವರೆಗೆ ಎಲೆಯೇ ಇಲ್ಲದೆ ಬೋಳಾಗಿ, ಮೇಲೆ ಮಾತ್ರ ದಟ್ಟವಾಗಿದ್ದರೆ ಜಿಂಕೆ ಮೇಯ್ದಿದೆ.

ಮುಂದಿನ ಚಳಿಗಾಲಕ್ಕೆ ಎರಡು ಕೆಲಸ. ನವೆಂಬರ್‌ನಲ್ಲಿ ನೆಲ ಗಟ್ಟಿಯಾಗುವವರೆಗೂ ಬುಡಕ್ಕೆ ನೀರು ಕೊಡಿ. ದಕ್ಷಿಣ ಮತ್ತು ಗಾಳಿ ಹೊಡೆಯುವ ಕಡೆಗೆ ಗೂಟ ನೆಟ್ಟು ಗೋಣಿತಟ್ಟಿನ ಪರದೆ ಕಟ್ಟಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬಿಸಿಲಿಗೆ ಕಾದು ಇನ್ನಷ್ಟು ಹಾಳಾಗುತ್ತದೆ.

ಮರದ ತೊಗಟೆ ಹೋಗಿದೆ

ಇದು ಕಾಯಲಾಗದ ದೋಷ, ಹಿಮ ಹೋದ ದಿನವೇ ನೋಡಿ. ಗಾಯ ಮಣ್ಣಿನ ಮಟ್ಟದಲ್ಲಿದ್ದು, ಸಣ್ಣ ಹಲ್ಲಿನ ಗೀರುಗಳು ದಿಕ್ಕಾಪಾಲಾಗಿದ್ದರೆ ವೋಲ್. ಎರಡು ಮೂರು ಅಡಿ ಎತ್ತರದಲ್ಲಿದ್ದು, ಸಣ್ಣ ರೆಂಬೆಗಳು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ತುಂಡಾಗಿದ್ದರೆ ಮೊಲ. ಅಷ್ಟು ಎತ್ತರ ಮೊಲಕ್ಕೆ ಹೇಗೆ ಸಿಕ್ಕಿತು ಅನ್ನಿಸಬಹುದು. ಹಿಮದ ಮೇಲೆ ನಿಂತು ತಿಂದಿರುತ್ತದೆ. ರೆಂಬೆಯ ತುದಿ ಹರಿದು ನಾರು ನಾರಾಗಿದ್ದರೆ ಜಿಂಕೆ, ಅದಕ್ಕೆ ಮೇಲಿನ ಮುಂಹಲ್ಲು ಇಲ್ಲ, ಎಳೆದು ಕೀಳುತ್ತದೆ. ಹಲ್ಲಿನ ಗುರುತೇ ಇಲ್ಲದೆ ನೈಋತ್ಯ ಮಗ್ಗುಲಲ್ಲಿ ತೊಗಟೆ ಉದ್ದಕ್ಕೆ ಬಿರಿದಿದ್ದರೆ ಬಿಸಿಲ ಗಾಯ. ಎಳೇ ಮೇಪಲ್, ಸೇಬು, ಲಿಂಡನ್ ಮರಗಳ ತೆಳು ತೊಗಟೆ ಹಗಲು ಕಾದು, ಸೂರ್ಯ ಮುಳುಗುತ್ತಲೇ ಥಟ್ಟನೆ ಹೆಪ್ಪುಗಟ್ಟಿ ಸಾಯುತ್ತದೆ.

ಗಾಯದ ಸುತ್ತಳತೆ ನೋಡಿ. ಕಾಂಡದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಕಡಿಮೆ ಹೋಗಿದ್ದರೆ ಮರ ಸಾಮಾನ್ಯವಾಗಿ ಉಳಿಯುತ್ತದೆ. ಬಣ್ಣ, ಟಾರು ಏನನ್ನೂ ಬಳಿಯಬೇಡಿ, ಬೇಸಿಗೆಯಲ್ಲಿ ನೀರು ಕೊಡಿ. ಪೂರ್ತಿ ಸುತ್ತ ಹೋಗಿದ್ದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಯಿತು. ಏಪ್ರಿಲ್‌ನಲ್ಲಿ ಚಿಗುರಿ ಆಸೆ ಹುಟ್ಟಿಸುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಬೆಲೆಬಾಳುವ ಹಣ್ಣಿನ ಮರವಾದರೆ ಗಾಯದ ಮೇಲಕ್ಕೂ ಕೆಳಕ್ಕೂ ಎಳೇ ರೆಂಬೆ ಜೋಡಿಸುವ ಸೇತುವೆ ಕಸಿ ಮಾಡಿಸಬಹುದು, ಅದು ಬಲ್ಲವರ ಕೆಲಸ. ಪೊದೆಗಿಡವಾದರೆ ಚಿಂತೆಯಿಲ್ಲ, ಗಾಯದ ಕೆಳಗೆ ಕತ್ತರಿಸಿದರೆ ಬುಡದಿಂದ ಮತ್ತೆ ಬರುತ್ತದೆ. ಸೇಬಿಗೆ ಹಾಗೆ ಮಾಡಬೇಡಿ. ಕಸಿಯ ಕೆಳಗಿನಿಂದ ಬರುವುದು ಬೇರೆಯೇ ಜಾತಿ. ನೀವು ನೆಟ್ಟದ್ದು ಹನಿಕ್ರಿಸ್ಪ್ ಆಗಿದ್ದರೂ ಹೊಸ ಚಿಗುರಿನಲ್ಲಿ ಆ ಹಣ್ಣು ಬಿಡುವುದಿಲ್ಲ. (ಹನಿಕ್ರಿಸ್ಪ್ ಇದೇ ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ತಳಿ.)

ತಡೆಯಲು ಕಾಲಿಂಚು ಕಣ್ಣಿನ ಕಬ್ಬಿಣದ ಜಾಲರಿಯನ್ನು ಕಾಂಡದ ಸುತ್ತ ಸಡಿಲವಾಗಿ ಕಟ್ಟಿ. ಎರಡು ಮೂರು ಇಂಚು ಮಣ್ಣೊಳಗೆ ಹೋಗಲಿ, ಮೇಲೆ ಹಿಮದ ಮಟ್ಟಕ್ಕಿಂತ ಎರಡು ಅಡಿ ಇರಲಿ.

ಓಕ್ ಮರ ಇರುವವರಿಗೆ ಒಂದು ಖಡಾಖಂಡಿತ ಮಾತು. ಏಪ್ರಿಲ್‌ನಿಂದ ಜುಲೈವರೆಗೆ ಓಕ್ ಕೊಂಬೆ ಕತ್ತರಿಸಬೇಡಿ. ಹಸಿ ಗಾಯದ ವಾಸನೆಗೆ ಬರುವ ಜೀರುಂಡೆಗಳು ಓಕ್ ಸೊರಗು ರೋಗ ತರುತ್ತವೆ, ಕೆಂಪು ಓಕ್ ಒಂದೇ ಬೇಸಿಗೆಯಲ್ಲಿ ಸಾಯಬಹುದು. ಬಿರುಗಾಳಿಗೆ ಕೊಂಬೆ ಮುರಿದರೆ ಮಾತ್ರ ಕೂಡಲೇ ಕತ್ತರಿಸಿ ಗಾಯಕ್ಕೆ ಬಣ್ಣ ಬಳಿಯಿರಿ. ಬಣ್ಣ ಬಳಿಯಬೇಡಿ ಎಂಬ ಮಾತಿಗೆ ಇದೊಂದೇ ಅಪವಾದ.

ಗಿಡ ಚೆನ್ನಾಗಿದೆ, ಹೂವಿಲ್ಲ

ಫೋರ್ಸಿಥಿಯದ ಕೆಳಗಿನ ಒಂದೂವರೆ ಅಡಿ ಮಾತ್ರ ಹಳದಿ ಹೂವು ತುಂಬಿ, ಮೇಲೆ ಬರೀ ಕಡ್ಡಿ ನಿಂತಿದ್ದರೆ ಹಿಮ ಎಷ್ಟು ಎತ್ತರ ಇತ್ತು ಎಂದು ಗಿಡವೇ ಗೆರೆ ಹಾಕಿ ತೋರಿಸುತ್ತಿದೆ. ಹೊರಗಿದ್ದ ಮೊಗ್ಗು ಚಳಿಗೆ ಸತ್ತಿದೆ. ಮಾಡುವಂಥದ್ದೇನಿಲ್ಲ. ಹೊಸದಾಗಿ ನೆಡುವಾಗ ಮೊಗ್ಗಿಗೂ ಚಳಿ ತಾಳುವ ಶಕ್ತಿ ಇರುವ ನಾರ್ದರ್ನ್ ಸನ್, ಮೆಡೋಲಾರ್ಕ್ ಥರದ ತಳಿ ಕೇಳಿ.

ಲೈಲಾಕ್ ಹೂ ಬಿಡದಿದ್ದರೆ ಕತ್ತರಿ ಯಾವಾಗ ಹಾಕಿದ್ದೀರಿ ನೆನಪು ಮಾಡಿಕೊಳ್ಳಿ. ಮುಂದಿನ ವರ್ಷದ ಮೊಗ್ಗನ್ನು ಅದು ಈ ಬೇಸಿಗೆಯಲ್ಲೇ ಕಟ್ಟಿಕೊಳ್ಳುತ್ತದೆ. ಅಕ್ಟೋಬರ್‌ನಲ್ಲೋ ಏಪ್ರಿಲ್‌ನಲ್ಲೋ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ಹೂವು ಬಾಡಿದ ಕೂಡಲೇ ಸವರಬೇಕು. ಕತ್ತರಿಯ ತಪ್ಪಿಲ್ಲದಿದ್ದರೆ ನೆರಳು ಜಾಸ್ತಿಯಾಗಿದೆಯೇ, ಲಾನ್‌ಗೆ ಹಾಕಿದ ಸಾರಜನಕ ಅದರ ಬುಡಕ್ಕೂ ಹೋಗುತ್ತಿದೆಯೇ ನೋಡಿ.

ಹೈಡ್ರೇಂಜಿಯದಲ್ಲಿ ಜಾತಿ ಗೊತ್ತಿರಬೇಕು. ದೊಡ್ಡೆಲೆಯ ನೀಲಿ, ಗುಲಾಬಿ ಹೂವಿನದು ಹೆಚ್ಚಾಗಿ ಹಳೇ ಕಡ್ಡಿಯಲ್ಲಿ ಮೊಗ್ಗು ಇಡುತ್ತದೆ, ಇಲ್ಲಿನ ಚಳಿಗೆ ಅದು ಸಾಯುತ್ತದೆ. ಬಿಳಿ ದುಂಡು ಹೂವಿನ ಅನಾಬೆಲ್, ಶಂಕುವಿನಾಕಾರದ ಹೂಗೊಂಚಲಿನ ಲೈಮ್‌ಲೈಟ್ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ಏಪ್ರಿಲ್‌ನಲ್ಲಿ ಧೈರ್ಯವಾಗಿ ಸವರಬಹುದು.

ಪಾತಿಯಲ್ಲಿ ಏನೂ ಮೇಲೆ ಬರುತ್ತಿಲ್ಲ, ಅಥವಾ ಗಿಡವೇ ಮೇಲೆದ್ದಿದೆ

ಹೋಸ್ಟ, ಬಲೂನ್ ಹೂವು, ಚಿಟ್ಟೆ ಹೂವಿನ ಮಿಲ್ಕ್‌ವೀಡ್, ಚಳಿ ತಾಳುವ ದಾಸವಾಳ ಇವೆಲ್ಲ ಸೋಮಾರಿಗಳು. ದಾಸವಾಳವಂತೂ ಜೂನ್‌ವರೆಗೆ ಮುಖ ತೋರಿಸದೆ ಇರಬಹುದು. ಸತ್ತಿದೆ ಎಂದು ಅಗೆದು ಎಸೆಯಬೇಡಿ. ಟ್ಯೂಲಿಪ್ ಬರಲಿಲ್ಲ, ಪಕ್ಕದ ಡ್ಯಾಫೊಡಿಲ್ ಚೆನ್ನಾಗಿ ಬಂದಿದೆ ಎಂದರೆ ಗೆಡ್ಡೆಯನ್ನು ಅಳಿಲೋ ವೋಲೋ ತಿಂದಿದೆ. ಡ್ಯಾಫೊಡಿಲ್ ವಿಷದ ಗೆಡ್ಡೆ, ಅದನ್ನು ಮುಟ್ಟುವುದಿಲ್ಲ.

ಸ್ಟ್ರಾಬೆರಿ, ಹ್ಯೂಕೆರ ಗಿಡಗಳ ಬುಡ ನೆಲದಿಂದ ಮೇಲೆದ್ದು ಬೇರು ಕಾಣುತ್ತಿದ್ದರೆ ಅದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು ತಳ್ಳಿದ್ದು. ಬೇರು ಒಣಗುವ ಮುಂಚೆ ಮೆಲ್ಲಗೆ ಒಳಕ್ಕೆ ಒತ್ತಿ, ಮಣ್ಣು ಸೇರಿಸಿ. ಹಿಂದಿನ ವರ್ಷದ ಟೊಳ್ಳು ಕಡ್ಡಿಗಳನ್ನೆಲ್ಲ ಮಾರ್ಚ್‌ನಲ್ಲೇ ಕಿತ್ತು ಸ್ವಚ್ಛ ಮಾಡುವ ಅವಸರ ಬೇಡ. ಅವುಗಳೊಳಗೆ ಕಾಡು ಜೇನಿನ ಜಾತಿಯ ಒಂಟಿ ನೊಣಗಳು ಚಳಿಗಾಲ ಕಳೆಯುತ್ತಿರುತ್ತವೆ.

ಹೊರಗಿನ ನಲ್ಲಿ ತೆರೆದರೆ ನೆಲಮಾಳಿಗೆಯಲ್ಲಿ ನೀರು

ತೋಟದ ಕೆಲಸದಲ್ಲಿ ಮನೆಗೇ ಹಾನಿ ಮಾಡುವ ದೋಷ ಇದೊಂದೇ, ಆದ್ದರಿಂದ ವರ್ಷದ ಮೊದಲ ಸಲ ನಲ್ಲಿ ತೆರೆಯುವಾಗ ಇಬ್ಬರಿರಿ. ಒಬ್ಬರು ಹೊರಗೆ, ಒಬ್ಬರು ನೆಲಮಾಳಿಗೆಯಲ್ಲಿ ಅದೇ ಗೋಡೆಯ ಹತ್ತಿರ. ಹೊರಗಿನವರು ಹೋಸ್ ತೆಗೆದು, ನಲ್ಲಿ ಪೂರ್ತಿ ತಿರುಗಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಲಿ. ಪೈಪ್ ಸರಿಯಿದ್ದರೆ ಒತ್ತಡಕ್ಕೆ ಬೆರಳು ನಿಲ್ಲುವುದಿಲ್ಲ, ನೀರು ಚಿಮ್ಮುತ್ತದೆ. ಬೆರಳಿನಿಂದಲೇ ಸುಲಭವಾಗಿ ತಡೆಯಲು ಆಯಿತು ಎಂದರೆ ನೀರು ಒಳಗೆ ಬೇರೆ ದಾರಿ ಹಿಡಿದಿದೆ. ಕೂಡಲೇ ಮುಚ್ಚಿ, ಒಳಗಿನ ವಾಲ್ವ್ ಬಂದ್ ಮಾಡಿ, ಪ್ಲಂಬರ್ ಕರೆಸಿ.

ಹೆಪ್ಪುಗಟ್ಟದ ನಲ್ಲಿ ಎಂದು ಹಾಕಿಸಿದ್ದರೂ ಹೀಗೇಕಾಯಿತು? ಆ ನಲ್ಲಿಯ ನಿಜವಾದ ಮುಚ್ಚಳ ಗೋಡೆಯ ಒಳಗೆ, ಬೆಚ್ಚಗಿನ ಕಡೆ ಇರುತ್ತದೆ. ಮುಚ್ಚಿದ ಮೇಲೆ ಹೊರಗಿನ ಕೊಳವೆಯ ನೀರು ತಾನೇ ಇಳಿದುಹೋಗಬೇಕು. ಚಳಿಗಾಲದಲ್ಲಿ ಹೋಸ್ ಸಿಕ್ಕಿಸಿಯೇ ಬಿಟ್ಟರೆ ಇಳಿಯುವುದಿಲ್ಲ, ಒಳಗೇ ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಸೀಳಿರುವುದು ಮುಚ್ಚಳದ ಈಚೆ, ಹಾಗಾಗಿ ನಲ್ಲಿ ತೆರೆದಾಗ ಮಾತ್ರ ಸೋರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಅದೇ ಗುರುತು.

ಲಾನ್ ಮೋವರ್ ಸ್ಟಾರ್ಟ್ ಆಗದಿದ್ದರೆ ಮೊದಲು ಹಳೇ ಪೆಟ್ರೋಲ್ ಖಾಲಿ ಮಾಡಿ ಹೊಸದು ಹಾಕಿ, ಸ್ಪಾರ್ಕ್ ಪ್ಲಗ್ ಬದಲಿಸಿ, ಗಾಳಿ ಫಿಲ್ಟರ್ ಕೊಡವಿ. ಆದರೂ ಆಗದಿದ್ದರೆ ಕಾರ್ಬುರೇಟರ್‌ನಲ್ಲಿ ಅಂಟು ಕಟ್ಟಿದೆ, ರಿಪೇರಿಯವರ ಹತ್ತಿರ ಒಯ್ಯಿರಿ.

ಟೊಮೇಟೊ ಸಸಿ, ಕರಿಬೇವು, ಮಲ್ಲಿಗೆ

ಮೇ ಎರಡನೇ ಭಾನುವಾರ, ಅಮ್ಮಂದಿರ ದಿನದವರೆಗೆ ಸಸಿ ಹೊರಗೆ ನೆಡಬೇಡಿ ಎಂದು ಇಲ್ಲಿನವರು ಹೇಳುವುದಿದೆ. ಟೊಮೇಟೊ, ಮೆಣಸಿನಕಾಯಿ, ಬದನೆಗೆ ನಾನು ಇನ್ನೂ ಎರಡು ವಾರ ಸೇರಿಸುತ್ತೇನೆ. ಇಬ್ಬನಿ ಹೆಪ್ಪುಗಟ್ಟದಿದ್ದರೂ ಮಣ್ಣು ತಣ್ಣಗಿರುತ್ತದೆ. ಆಗ ಟೊಮೇಟೊ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ರಂಜಕ ಕಡಿಮೆ ಎಂದು ಗೊಬ್ಬರ ಹಾಕಲು ಹೋಗಬೇಡಿ. ರಂಜಕ ಮಣ್ಣಿನಲ್ಲಿದೆ, ಚಳಿಗೆ ಬೇರು ಎಳೆದುಕೊಳ್ಳುತ್ತಿಲ್ಲ. ಬೆಚ್ಚಗಾದರೆ ಸರಿಹೋಗುತ್ತದೆ. ಎಲೆ ಬಿಳಿಚಿ ಕಾಗದದಂತಾದರೆ ಬಿಸಿಲು ಸುಟ್ಟಿದೆ, ಸಸಿಯನ್ನು ಮನೆಯೊಳಗಿಂದ ನೇರ ಬಿಸಿಲಿಗೆ ಇಟ್ಟಿದ್ದೀರಿ. ಮೊದಲು ನೆರಳು, ಆಮೇಲೆ ಬೆಳಗಿನ ಬಿಸಿಲು, ಹೀಗೆ ವಾರ ಹತ್ತು ದಿನ ಪಳಗಿಸಿ.

ಕರಿಬೇವಿನ ಗಿಡ ಈ ನಾಡಿನಲ್ಲಿ ಮನೆಯ ಮಗುವಿನಷ್ಟೇ ಕಾಳಜಿ ಪಡೆಯುತ್ತದೆ, ಮಾರ್ಚ್‌ನಲ್ಲಿ ಅದು ಬೋಳಾದರೆ ಮನಸ್ಸು ಕಲಕುತ್ತದೆ. ಕಾಂಡ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬದುಕಿದೆ, ಹೀಟರ್‌ನ ಒಣ ಗಾಳಿಗೋ ಜಾಸ್ತಿ ನೀರಿಗೋ ಎಲೆ ಉದುರಿಸಿದೆ. ಕುಂಡದ ಮೇಲಿನ ಎರಡು ಇಂಚು ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ. ಎಲೆ ಇನ್ನೂ ಇದ್ದು, ಮೇಲೆ ಸಣ್ಣ ಹಳದಿ ಚುಕ್ಕೆ ತುಂಬಿದ್ದರೆ ಒಂದು ಬಿಳಿ ಕಾಗದದ ಮೇಲೆ ರೆಂಬೆ ತಟ್ಟಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯಲು ಶುರು ಮಾಡಿದರೆ ನುಸಿ. ಬಾತ್‌ರೂಮಿಗೆ ಒಯ್ದು ಎಲೆಯ ಅಡಿಭಾಗವನ್ನು ಷವರ್‌ನಿಂದ ಚೆನ್ನಾಗಿ ತೊಳೆಯಿರಿ, ಕೆಲವು ದಿನ ಬಿಟ್ಟು ಮತ್ತೆ ತೊಳೆಯಿರಿ. ಎಲೆ, ಕಿಟಕಿಯ ಹಲಗೆ ಅಂಟಂಟಾಗಿದ್ದರೆ ಕಾಂಡದ ಮೇಲೆ ಕಂದು ಹುರುಪೆಯಂಥದ್ದು ಹುಡುಕಿ. ಅದು ರಸ ಹೀರುವ ಕೀಟ, ಉಗುರಿನಿಂದ ಎಬ್ಬಿಸಿದರೆ ಕಳಚಿ ಬರುತ್ತದೆ. ಹಳೇ ಬ್ರಷ್‌ನಿಂದ ಉಜ್ಜಿ ತೆಗೆದು, ಕೀಟಕ್ಕೆಂದೇ ಮಾರುವ ಸೋಪಿನ ನೀರು ಸಿಂಪಡಿಸಿ.

ರಾತ್ರಿ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ಗಿಂತ ಮೇಲೆ ನಿಂತ ಮೇಲೆ ಹೊರಗಿಡಿ. ಇಲ್ಲಿ ಅದು ಮೇ ಕೊನೆ. ದುಂಡು ಮಲ್ಲಿಗೆಯನ್ನು ಆಗಲೇ ಸವರಿ, ಹೊಸ ಚಿಗುರಿನಲ್ಲೇ ಅದು ಮೊಗ್ಗು ಬಿಡುತ್ತದೆ. ಕರಿಬೇವಿನ ಉದ್ದ ಕಡ್ಡಿಯ ತುದಿಯನ್ನೂ ಚಿವುಟಿ, ಪಕ್ಕದಲ್ಲಿ ಕವಲೊಡೆಯುತ್ತದೆ. ಗಿಡ ಬೋಳಾಗಿರುವಾಗ ಕುಂಡ ಬದಲಿಸಬೇಡಿ, ಗೊಬ್ಬರವೂ ಬೇಡ. ಮೊದಲ ಚಿಗುರು ಎರಡು ಇಂಚು ಬರಲಿ, ಆಮೇಲೆ ಒಂದು ಅಳತೆ ದೊಡ್ಡ ಕುಂಡಕ್ಕೆ ಹಾಕಿ ಗೊಬ್ಬರ ಶುರು ಮಾಡಿ.